ಭಾಲ್ಕಿಯ ತಮ್ಮನಿಗೆ, ದುಬೈನಿಂದ

ತಮ್ಮಾ, ದುಬೈಯಲ್ಲಿ ಕೆಲಸ ಸಿಕ್ಕಿದೆ, ಹೆಂಡತಿ ಒಂದು ವರ್ಷ ಭಾಲ್ಕಿಯಲ್ಲೇ ಇರುತ್ತಾಳೆ, ಬರುವ ಮೊದಲು ಏನೇನು ತಿಳಿದಿರಬೇಕು ಎಂದು ಕೇಳಿದ್ದೀಯ. ಊಟ, ಹವೆಯ ಚಿಂತೆ ಬೇಡ. ಜೋಳದ ಹಿಟ್ಟು ಸಿಗುತ್ತದೆ. ನಮ್ಮ ಕಲಬುರಗಿ, ಬೀದರಿನ ಬಿಸಿಲು ಕಂಡವನಿಗೆ ಇಲ್ಲಿನ ಕಡಲ ಸೆಕೆಯೊಂದೇ ಹೊಸದು.

ಹದಿನೆಂಟು ವರ್ಷ ಇಲ್ಲಿ ಕಳೆದ ನಾನು ಹೇಳಬೇಕೆಂದಿರುವುದು ಬೇರೆ. ಎರಡು ದೇಶಗಳಲ್ಲಿ ಒಂದೊಂದು ಕಾಲಿಟ್ಟವನ ವ್ಯಾಜ್ಯ ಯಾವ ದೇಶದ ಕೋರ್ಟಿಗೆ ಹೋಗುತ್ತದೆ, ಅಲ್ಲಿ ಯಾವ ದೇಶದ ಕಾನೂನು ನಡೆಯುತ್ತದೆ ಎಂಬುದನ್ನು ಈಗಲೇ ತಿಳಿದುಕೊ.

ಮೊದಲು ಸಾಲ. ‘ತೀರಿಸಲಾಗದಿದ್ದರೆ ವಿಮಾನ ಹತ್ತಿದರಾಯಿತು’ ಎನ್ನುವವರು ನಿನಗೂ ಸಿಗುತ್ತಾರೆ. ನಂಬಬೇಡ. 2020ರ ಜನವರಿಯಲ್ಲಿ ಭಾರತ ಸರ್ಕಾರವು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ದೇಶಗಳ ಸಾಲಿಗೆ ದುಬೈ ಇರುವ ದೇಶವಾದ ಯುಎಇಯನ್ನೂ ಸೇರಿಸಿದೆ. ಹಣ ಕೊಡಬೇಕೆಂಬ ಇಲ್ಲಿನ ಕೋರ್ಟಿನ ಡಿಕ್ರಿಯನ್ನು, ಅಂದರೆ ತೀರ್ಪಿನ ಆದೇಶವನ್ನು, ಬೀದರಿನ ಜಿಲ್ಲಾ ನ್ಯಾಯಾಲಯದ ಮುಂದಿಟ್ಟರೆ, ಅಲ್ಲಿಯದೇ ಡಿಕ್ರಿಯಂತೆ ಜಾರಿ ಮಾಡಿಸಲು ಕೇಳಬಹುದು. ದುಬೈಯ ಸಾಲ ಭಾಲ್ಕಿಯ ಹೊಲದವರೆಗೂ ಬರಬಲ್ಲದು.

ಇನ್ನು ಮದುವೆ. ನೀನು ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ಊರಲ್ಲಿ ಉಳಿದವಳು ನಿನ್ನ ಹೆಂಡತಿ. ಸಂಸಾರ ಕೆಟ್ಟಾಗ ತನಗೆ ಅನುಕೂಲವಾದ ಕೋರ್ಟನ್ನು ಹುಡುಕಿಕೊಂಡು ಹೋಗುವ ಗಂಡಸರನ್ನು ನಾನು ಕಂಡಿದ್ದೇನೆ. ಇಲ್ಲಿ 2023ರ ಫೆಬ್ರವರಿಯಿಂದ ಮುಸ್ಲಿಮೇತರರಿಗೆ ಹೊಸ ಕೌಟುಂಬಿಕ ಕಾನೂನಿದೆ. ಅದರಲ್ಲಿ ತಪ್ಪು ಯಾರದೆಂದು ಸಾಧಿಸದೆಯೇ ಗಂಡ ಅಥವಾ ಹೆಂಡತಿ ವಿಚ್ಛೇದನ ಕೇಳಬಹುದು. ಬೇಕಾದವರು ಇದರ ಬದಲು ತಮ್ಮ ದೇಶದ ಕಾನೂನನ್ನೇ ಅನ್ವಯಿಸುವಂತೆ ಕೋರಲೂ ಅವಕಾಶವಿದೆ. ಬೇಗ ಮುಗಿಯುತ್ತದೆಂದು ಹಲವರು ಮೊದಲ ದಾರಿಗೇ ಆಸೆಪಡುತ್ತಾರೆ.

ಆದರೆ ಆ ಕಾಗದ ನಮ್ಮ ದೇಶದಲ್ಲಿ ನಿಲ್ಲಬೇಕಲ್ಲ. ತಿರುಪತಿಯಲ್ಲಿ ಹಿಂದೂ ಪದ್ಧತಿಯಂತೆ ಮದುವೆಯಾದ ಒಬ್ಬ, ಅಮೆರಿಕದ ಮಿಸ್ಸೌರಿಯಲ್ಲಿ ತೊಂಬತ್ತು ದಿನ ವಾಸವಿದ್ದೇನೆಂದು ಹೇಳಿ ಅಲ್ಲಿನ ಕೋರ್ಟಿನಿಂದ ವಿಚ್ಛೇದನ ಪಡೆದು ಮತ್ತೊಂದು ಮದುವೆಯಾದ. ಮೊದಲ ಹೆಂಡತಿ ದ್ವಿಪತ್ನಿತ್ವದ ದೂರು ಕೊಟ್ಟಳು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಡಿಕ್ರಿಯನ್ನು ಒಪ್ಪಲಿಲ್ಲ. ಯಾವ ಕಾನೂನಿನಡಿ ಮದುವೆಯಾಯಿತೋ ಆ ಕಾನೂನು ಒಪ್ಪುವ ಕೋರ್ಟೇ ವಿಚ್ಛೇದನ ಕೊಟ್ಟಿರಬೇಕು, ಅದೇ ಕಾನೂನು ಒಪ್ಪುವ ಕಾರಣಕ್ಕೇ ಕೊಟ್ಟಿರಬೇಕು ಎಂಬುದು ಆ ತೀರ್ಪಿನ ಮುಖ್ಯ ನಿಯಮ. ಎದುರಿನವರು ಆ ಕೋರ್ಟಿನ ಅಧಿಕಾರಕ್ಕೆ ತಾವಾಗಿ ಒಳಪಟ್ಟು, ಅಂಥದೇ ಕಾರಣದ ಮೇಲಿನ ದಾವೆಯಲ್ಲಿ ವಾದಿಸಿದರೆ, ಅಥವಾ ವಿಚ್ಛೇದನಕ್ಕೆ ಒಪ್ಪಿದರೆ, ಮಾತು ಬೇರೆ. ಭಾಲ್ಕಿಯಲ್ಲಿರುವ ಹೆಣ್ಣುಮಗಳು ದುಬೈಯ ನೋಟಿಸಿಗೆ ಉತ್ತರಿಸಲು ಟಿಕೆಟ್ಟು, ವೀಸಾ, ವಕೀಲ ಎಲ್ಲವನ್ನೂ ಎಲ್ಲಿಂದ ತಂದಾಳು? ಈ ತೀರ್ಪು ಅವಳ ಬೆನ್ನಿಗೆ ನಿಂತಿದೆ. ಅವಳಿಗೂ ಇದನ್ನು ಓದಿ ಹೇಳು.

ಆಸ್ತಿಯ ಬಗ್ಗೆ ಗೊಂದಲವಿಲ್ಲ. ಭಾಲ್ಕಿಯ ಮನೆ, ಹೊಲದ ಹಕ್ಕನ್ನು ತೀರ್ಮಾನಿಸುವುದು ನಮ್ಮ ಕಡೆಯ ಕೋರ್ಟುಗಳೇ.

ಹೊರಡುವ ಮೊದಲು ಮದುವೆಯ ನೋಂದಣಿ ಮಾಡಿಸು. ಆ ಪ್ರಮಾಣಪತ್ರಕ್ಕೆ ರಾಜ್ಯ ಸರ್ಕಾರ, ದೆಹಲಿಯ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿಗಳ ದೃಢೀಕರಣ ಬೇಕು, ಆಮೇಲೆ ಇಲ್ಲಿಯೂ ಒಂದು ಮುದ್ರೆ. ಅವಳನ್ನು ಕರೆಸಿಕೊಳ್ಳುವಾಗ ಅದನ್ನೇ ಕೇಳುತ್ತಾರೆ. ಒಂದು ಪ್ರತಿಯನ್ನು ಅವಳ ಕೈಯಲ್ಲಿ ಕೊಟ್ಟು ಬಾ.