ಏಪ್ರಿಲ್, ಮೇ ಸಂಬಳ ಕೇಳಿದ್ದು ತಪ್ಪಾ, ಮಾಸ್ಟ್ರೇ?

(ಕಾರ್ಕಳ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದಿದ್ದಾರೆ. ಅವರೀಗ ಒಂದು ಖಾಸಗಿ ಶಾಲೆಯ ಆಡಳಿತ ಮಂಡಳಿಯಲ್ಲಿದ್ದಾರೆ. ಅಲ್ಲಿಯ ಬಸ್ ಡ್ರೈವರ್‌ಗಳು, ಆಯಾಗಳು, ಅಟೆಂಡರ್, ಅಡುಗೆಯವರು ಒಟ್ಟಾಗಿ ಮಂಡಳಿಗೆ ಮನವಿ ಕೊಟ್ಟಿದ್ದಾರಂತೆ. ಬೇಸಿಗೆ ರಜೆಯ ಸಂಬಳ ಬೇಕು, ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದು ಕೆಲಸ ಬಿಡುವಾಗ ಸಿಗುವ ಇಡುಗಂಟು) ಬೇಕು, ಒಪ್ಪಿದ್ದೆಲ್ಲ ಬರವಣಿಗೆಯಲ್ಲಿ ಬೇಕು, ಕೂತು ಮಾತಾಡೋಣ ಎಂದು. ಮಂಡಳಿಗೆ ಬೇಸರವಾಗಿದೆ. "ಮನೆಯವರ ಹಾಗೆ ನೋಡಿಕೊಂಡೆವು. ದೀಪಾವಳಿಗೆ ಸೀರೆ, ಪಂಚೆ ತಪ್ಪಿಸಲಿಲ್ಲ. ವಿದ್ಯೆಯ ಜಾಗದಲ್ಲಿ ಚೌಕಾಸಿ ಸರಿಯೇ?" ಎಂದು ಕೇಳಿದ್ದಾರೆ.)

ಮಾಸ್ಟ್ರೇ, ನಿಮ್ಮ ದುಂಡಗಿನ ಅಕ್ಷರ ನೋಡಿಯೇ ಅರ್ಧ ಸಂತೋಷವಾಯಿತು. ಉಳಿದರ್ಧ, ಈ ವಿಷಯ ಯಾರಾದರೂ ಎತ್ತಲಿ ಎಂದು ನಾನು ಕಾಯುತ್ತಿದ್ದುದಕ್ಕೆ. ಆದರೆ ಉತ್ತರ ನಿಮಗೆ ಹಿತವಾಗಲಿಕ್ಕಿಲ್ಲ.

ಮಂಡಳಿಯ ಕಷ್ಟ ನನಗೆ ಗೊತ್ತಿಲ್ಲ ಎಂದಲ್ಲ. ಫೀಸು ಬಾಕಿ ಇರುತ್ತದೆ, ಡೀಸೆಲ್ ಬಿಲ್ ಬಾಕಿ ಇಡಲಿಕ್ಕಾಗುವುದಿಲ್ಲ. ಊರಿನ ನಾಲ್ಕು ಜನ ಕೈಯಿಂದ ಹಾಕಿ ನಡೆಸುವ ಕನ್ನಡ ಮಾಧ್ಯಮ ಶಾಲೆಗಳೂ ನಮ್ಮ ಜಿಲ್ಲೆಗಳಲ್ಲಿವೆ. ಅವರಿಗೆ ನಮಸ್ಕಾರ.

ಈಗ ಎದುರಿನವರ ಕಡೆಗೆ ಬರೋಣ. ಮಳೆಗಾಲದ ಒಂದು ಬೆಳಿಗ್ಗೆಯನ್ನೇ ತೆಗೆದುಕೊಳ್ಳಿ. ರೆಡ್ ಅಲರ್ಟ್ ಇದೆ, ಡಿಸಿ ರಜೆ ಕೊಡುತ್ತಾರೋ ಇಲ್ಲವೋ ಎಂದು ತಾಯಂದಿರು ಫೋನ್ ನೋಡುತ್ತಾ ಕೂತಿರುತ್ತಾರೆ. ಅಷ್ಟರಲ್ಲಿ ಡ್ರೈವರ್ ಬಸ್ಸಿನ ಗಾಜು ಒರೆಸಿಯಾಗಿದೆ. ಅಡುಗೆಯ ಅಕ್ಕ ಒಲೆ ಹಚ್ಚಿಯಾಗಿದೆ. ರಜೆ ಬಂದರೆ ಮಕ್ಕಳಿಗೆ ಖುಷಿ. ಅಟೆಂಡರಿಗೆ ಮಾತ್ರ ಸೋರುವ ಕೋಣೆಯಿಂದ ಬೆಂಚು ಎಳೆಯುವ ಕೆಲಸ ಇದ್ದೇ ಇದೆ. ಎಲ್‌ಕೆಜಿ ಮಗು ಚಡ್ಡಿಯಲ್ಲಿ ಮಾಡಿಕೊಂಡರೆ ತೊಳೆಯುವವರು ಯಾರು? ನೀವೂ ಅಲ್ಲ, ಟೀಚರೂ ಅಲ್ಲ. ಆ ಆಯಾ ಬೇಸಿಗೆಯಲ್ಲಿ ಎರಡು ತಿಂಗಳು ಏನು ಉಣ್ಣಬೇಕು ಎಂಬುದು ಸಣ್ಣ ಪ್ರಶ್ನೆಯಾ? ಮಕ್ಕಳ ಹಸಿವಿನ ಬಗ್ಗೆ ಭಾಷಣ ಮಾಡುತ್ತೇವೆ. ಬಡಿಸುವವಳ ಹಸಿವಿಗೆ ದೀಪಾವಳಿ ಸೀರೆ!

ಚೌಕಾಸಿ ನಮ್ಮ ಊರಿಗೆ ಹೊಸತಲ್ಲ. ಬಂಟ್ವಾಳ, ಬೆಳ್ತಂಗಡಿ, ನಿಮ್ಮ ಕಾರ್ಕಳದಲ್ಲೂ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದ ಹೆಂಗಸರನ್ನು ಕೇಳಿ. ಸಾವಿರ ಬೀಡಿಗೆ ಮಜೂರಿ ಎಷ್ಟು, ತುಟ್ಟಿಭತ್ಯೆ ಎಷ್ಟು ಏರಿತು, ಬೋನಸ್ ಯಾವಾಗ, ಎಲ್ಲ ಬಾಯಿಪಾಠ. ಅದು ಮಾಲಕರು ಪ್ರೀತಿಯಿಂದ ಕೊಟ್ಟದ್ದಲ್ಲ. ಸಂಘ ಕಟ್ಟಿ, ಮೆರವಣಿಗೆ ಮಾಡಿ, ಮೇಜಿನ ಎದುರು ಕೂತು ಪಡೆದದ್ದು. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರೆಂದಿತು. ಆಮೇಲೆ ಪಿಎಫ್ ಬಂತು. 1976ರಲ್ಲಿ ಕಲ್ಯಾಣ ನಿಧಿ ಕಾಯ್ದೆ ಬಂತು, ಅದರಿಂದ ಮಕ್ಕಳಿಗೆ ವಿದ್ಯಾರ್ಥಿವೇತನ. ಹೆಡ್ಮಾಸ್ಟರಾಗಿ ಆ ಅರ್ಜಿಗಳಿಗೆ ನೀವೇ ಎಷ್ಟು ಸಹಿ ಹಾಕಿಲ್ಲ! ಬೀಡಿ ಕಟ್ಟಿದ ತಾಯಿಗೆ ಪಿಎಫ್ ಇದೆ. ಅವಳ ಮಗಳು ನಿಮ್ಮ ಶಾಲೆಯಲ್ಲಿ ಆಯಾ ಆದರೆ ಮೇ ತಿಂಗಳ ಸಂಬಳವೂ ಇಲ್ಲ. ಇದ್ಯಾವ ಪ್ರಗತಿ, ಮಾರಾಯ್ರೇ?

ಸರಕಾರವನ್ನು ನೋಡಿ ಕಲಿಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ. ಬಿಸಿಯೂಟದ ಅಡುಗೆಯವರಿಗೆ 2009ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಮಾಡಿದರು. ಆಮೇಲೆ ಅದರಲ್ಲಿ ಕೇಂದ್ರದ ಪಾಲು 600, ರಾಜ್ಯದ್ದು 400 ಎಂದಾಯಿತು, ಅದೂ ವರ್ಷಕ್ಕೆ ಹತ್ತೇ ತಿಂಗಳು. ಅದರ ಮೇಲೆ ಕೊಡುವುದು ರಾಜ್ಯಗಳಿಗೆ ಬಿಟ್ಟದ್ದು. ನಮ್ಮ ರಾಜ್ಯ 2022ರ ಬಜೆಟ್‌ನಲ್ಲಿ ಸಾವಿರ ಏರಿಸಿತು, 2025ರಲ್ಲಿ ಮತ್ತೆ ಸಾವಿರ. ಪ್ರತಿ ಸಲವೂ ಮೊದಲು ಬೀದಿಯಲ್ಲಿ ಕೂರಬೇಕು. ಇಂಥವರಿಗೆ ಕನಿಷ್ಠ ವೇತನ ಕೊಡಿ ಎಂದು 2013ರಲ್ಲೇ, ಸರಕಾರ, ಮಾಲಕರು, ಕಾರ್ಮಿಕರು ಒಟ್ಟಿಗೆ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು. 2020ರ ಡಿಸೆಂಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ಇನ್ನೂ ಖಡಾಖಡಿ: ಸಾವಿರ ರೂಪಾಯಿಗೆ ಅಡುಗೆ ಮಾಡಿಸುವುದು ಬಿಟ್ಟಿ ದುಡಿಮೆ, ಬಲವಂತದ ದುಡಿಮೆಯನ್ನು ನಿಷೇಧಿಸುವ ಸಂವಿಧಾನದ 23ನೇ ವಿಧಿಗೆ ವಿರುದ್ಧ ಎಂದಿತು.

ಶಾಲೆಯಲ್ಲಿ ಮುಷ್ಕರ ಗಿಷ್ಕರ ಎಲ್ಲೂ ಕೇಳಿಲ್ಲ ಎಂದೂ ಬರೆದಿದ್ದೀರಿ. 2023ರ ಮಾರ್ಚಿನಲ್ಲಿ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಸುಮಾರು 30,000 ಮಂದಿ ಬಸ್ ಚಾಲಕರು, ಕ್ಯಾಂಟೀನಿನವರು, ಗುಡಿಸುವವರು, ತರಗತಿ ಸಹಾಯಕರು ಮೂರು ದಿನ ಕೆಲಸ ನಿಲ್ಲಿಸಿದರು. ಹಳೆಯ ಒಪ್ಪಂದ 2020ರಲ್ಲೇ ಮುಗಿದಿತ್ತು. ಅವರ ಸರಾಸರಿ ಆದಾಯ ವರ್ಷಕ್ಕೆ ಸುಮಾರು 25,000 ಡಾಲರ್. ನಮಗೆ ದೊಡ್ಡ ಮೊತ್ತ, ಅಲ್ಲಿ ಬಾಡಿಗೆಗೂ ಸಾಲದು. ನನಗೆ ಇಷ್ಟವಾದದ್ದು ಬೇರೆ: ಶಿಕ್ಷಕರೂ ಜೊತೆಗೆ ಮಳೆಯಲ್ಲಿ ನಿಂತರು. ಕೊನೆಗೆ ಮೇಯರ್ ನಡುವೆ ಬಂದು, ಹಂತ ಹಂತವಾಗಿ ಶೇ. 30 ಏರಿಕೆಗೆ ಒಪ್ಪಂದವಾಯಿತು. ನಿಮ್ಮ ಶಾಲೆಯ ಶಿಕ್ಷಕರು ಈ ಮನವಿಯ ಬಗ್ಗೆ ಏನೆಂದರು? ಪತ್ರದಲ್ಲಿ ಒಂದು ಸಾಲೂ ಇಲ್ಲ. ಸ್ಟಾಫ್ ರೂಮಿನಲ್ಲಿ ಆಯಾ ತಂದ ಚಾ ಕುಡಿಯುತ್ತಾ ಸುಮ್ನೆ ಕೂತಿದ್ದಾರಾ?

ಕಾನೂನಿನ ಒಂದು ತಮಾಷೆ ಹೇಳುತ್ತೇನೆ. ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟು, ಶಿಕ್ಷಣ ಸಂಸ್ಥೆಯೂ ಮಾಲಕರು-ಕಾರ್ಮಿಕರ ತಕರಾರು ಬಗೆಹರಿಸುವ ಕೈಗಾರಿಕಾ ವಿವಾದ ಕಾಯ್ದೆಯೊಳಗೆ ಬರುತ್ತದೆ ಎಂದಿತು. ಹತ್ತು ವರ್ಷದ ನಂತರ, ಶಿಕ್ಷಕರು ಆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದಿತು. ಅಂದರೆ ಪಾಠ ಮಾಡುವವರಿಗಿಲ್ಲದ ದಾರಿ ಬಸ್ಸು ಬಿಡುವವರಿಗಿತ್ತು! 2025ರ ನವೆಂಬರಿನಲ್ಲಿ ಇಂಥ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವಿವಾದಗಳ ಸಂಹಿತೆಯಲ್ಲಿ ಧರ್ಮಾರ್ಥ ಸೇವೆಯ ಸಂಸ್ಥೆಗಳನ್ನು ಹೊರಗಿಟ್ಟಿದ್ದಾರೆ. ಕೈತುಂಬ ಫೀಸು ವಸೂಲಿ ಮಾಡುವ ಶಾಲೆಗಳೂ ನಾಳೆ ನಾವು ಧರ್ಮಾರ್ಥ ಎನ್ನಲು ಶುರುಮಾಡಿದರೆ ನನಗೆ ಆಶ್ಚರ್ಯವಿಲ್ಲ.

ಮಾತು ಬಂತೆಂದು ಹೇಳುತ್ತೇನೆ. ನಮ್ಮ ಎರಡು ಜಿಲ್ಲೆಗಳಿಗೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಹುಚ್ಚು ಜಾಸ್ತಿ. 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅದಲುಬದಲು. ಫ್ಲೆಕ್ಸಿನಲ್ಲಿ ಮಕ್ಕಳು, ಪ್ರಿನ್ಸಿಪಾಲರು, ಸಂಚಾಲಕರು, ಶಾಸಕರು. ಆ ಮಕ್ಕಳನ್ನು ಹತ್ತು ವರ್ಷ ಘಾಟಿ ತಿರುವಿನಲ್ಲಿ ಜೋಪಾನವಾಗಿ ತಂದುಬಿಟ್ಟ ಡ್ರೈವರಿನ ಫೋಟೋ ಎಲ್ಲಾದರೂ ನೋಡಿದ್ದೀರಾ? ಫ್ಯಾನ್ ಕೊಟ್ಟವರ ಹೆಸರು ಫ್ಯಾನಿನ ರೆಕ್ಕೆಯ ಮೇಲೆ ತಿರುಗುತ್ತಿರುತ್ತದೆ. ಹೊಸ ಕಟ್ಟಡಕ್ಕೆ ಅಮೃತಶಿಲೆಯ ಫಲಕ. ವಾರ್ಷಿಕೋತ್ಸವದ ಪೆಂಡಾಲಿಗೆ ಎಷ್ಟಾಯಿತು ಎಂದು ನಿಮ್ಮ ಮಂಡಳಿಯಲ್ಲಿ ಯಾರೂ ಕೇಳುವುದಿಲ್ಲ. ಆಯಾಗೆ ಐನೂರು ಏರಿಸುವುದಾದರೆ ಉಪಸಮಿತಿ!

ಗ್ರಾಚ್ಯುಟಿ ಭಾರೀ ಹೊರೆ ಎಂದಿದ್ದೀರಿ. ಲೆಕ್ಕ ಹಾಕಿ ನೋಡಿದ್ದೀರಾ? ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. 12,000 ಸಂಬಳದ ಆಯಾ 20 ವರ್ಷ ದುಡಿದಿದ್ದರೆ ಸುಮಾರು 1,38,000 ರೂಪಾಯಿ. ಹತ್ತು ಅಥವಾ ಹೆಚ್ಚು ನೌಕರರಿರುವ ಶಿಕ್ಷಣ ಸಂಸ್ಥೆಗಳಿಗೆ ಇದು 1997ರಿಂದಲೇ ಅನ್ವಯ. ಶಿಕ್ಷಕರಿಗೆ ಸಿಕ್ಕಿದ್ದು 2009ರ ತಿದ್ದುಪಡಿಯ ಮೇಲೆ. ಹಾಗಾಗಿ ಇದನ್ನು ಕೊಡಬೇಕಾ ಎಂದು ಚರ್ಚಿಸುವ ಪ್ರಶ್ನೆಯೇ ಇಲ್ಲ. ಅದಕ್ಕೆ ಹಣ ಹೇಗೆ ಹೊಂದಿಸುವುದು ಎಂಬುದನ್ನು ಮಾತ್ರ ಮಾತಾಡಿ.

ಸಭೆ ಕರೆಯಿರಿ. ಸಂಜೆ ಬಸ್ಸುಗಳೆಲ್ಲ ಮರಳಿದ ಮೇಲೆ ಇಡಿ, ಇಲ್ಲದಿದ್ದರೆ ಡ್ರೈವರ್‌ಗಳಿಗೆ ಬರಲಿಕ್ಕಾಗುವುದಿಲ್ಲ. ಅವರಿಗೂ ಕುರ್ಚಿ ಹಾಕಿಸಿ. ನಡಾವಳಿ ಕನ್ನಡದಲ್ಲಿ ಬರೆಯಿರಿ, ನಿಮ್ಮ ಅಕ್ಷರವೇ ಆಗಬಹುದು. ಚಾ ಮಾತ್ರ ಆ ದಿನ ಹೊರಗಿನ ಹೋಟೆಲಿನಿಂದ ತರಿಸಿ.