ಪಿವಿಪಿ ಝೋನಲ್ಲಿ ಕ್ವೆಸ್ಟ್ ಮಾಡೋರನ್ನ ಹೊಡೆಯೋದು ಸರಿನಾ
ನೀವು ಕೇಳಿದ್ದು, ಪಿವಿಪಿ ಝೋನಲ್ಲಿ, ಅಂದ್ರೆ ಆನ್‌ಲೈನ್ ಗೇಮಲ್ಲಿ ಆಟಗಾರರು ಒಬ್ಬರನ್ನೊಬ್ಬರು ಹೊಡೀಬಹುದಾದ ಜಾಗದಲ್ಲಿ, ಕ್ವೆಸ್ಟ್ (ಗೇಮ್ ಕೊಡೋ ಕೆಲಸ) ಮಾಡ್ತಾ ಅರ್ಧ ಹೆಲ್ತಲ್ಲಿ ಇದ್ದಾಗ ಒಬ್ಬ ಹಿಂದಿಂದ ಬಂದು ಹೊಡೆದ, ಇದು ಸರಿನಾ ಅಂತ. ನೋಡಿ, ಒಂದ್ಸಲ ಹೊಡೆದಿದ್ದು ತಪ್ಪಲ್ಲ, ಅಲ್ಲಿಗೆ ಕಾಲಿಟ್ಟ ಮೇಲೆ ಅದಕ್ಕೆ ಒಪ್ಪಿದ ಹಾಗೇನೇ. ವರ್ಲ್ಡ್ ಆಫ್ ವಾರ್‌ಕ್ರಾಫ್ಟಲ್ಲಿ 2018ರಿಂದ ಬೇರೆ ಆಟಗಾರರ ಜೊತೆ ಫೈಟ್ ಮಾಡೋಕೆ ವಾರ್ ಮೋಡ್ ಇದೆಯಲ್ಲ, ಆನ್ ಮಾಡಿದ್ರೆ ಎಕ್ಸ್‌ಪಿ (ಲೆವೆಲ್ ಏರಿಸೋ ಪಾಯಿಂಟ್) ಕಮ್ಮಿ ಅಂದ್ರೂ 10% ಜಾಸ್ತಿ, ಆ ಬೋನಸ್ ಕೊಡೋದೇ ಈ ರಿಸ್ಕಿಗೆ, ಬೇಡ ಅನ್ಸಿದ್ರೆ ಆಫ್ ಮಾಡ್ಕೋಬಹುದು.

ಆದ್ರೆ ನಂಗೆ ನಿಜವಾಗ್ಲೂ ಸಿಟ್ಟು ಬರೋದು ಹೆಣ ಕಾಯೋರ ಮೇಲೆ. ಸತ್ತೋನು ಎದ್ದು ಬರೋ ಜಾಗದಲ್ಲೇ ನಿಂತು ನಾಲ್ಕೈದು ಸಲ ಅದೇ ಆಳನ್ನ, ಅದೂ ತಮಗಿಂತ 20 ಲೆವೆಲ್ ಕೆಳಗಿರೋನನ್ನ ಹೊಡೆಯೋದ್ರಲ್ಲಿ ಯಾವ ಫೈಟ್ ಇದೆ ಹೇಳಿ, ಅವನು ಬೇಜಾರಾಗಿ ಲಾಗೌಟ್ ಆಗ್ತಾನೆ, ಹಿಂಗೇ ಆದ್ರೆ ಆ ಝೋನೇ ಖಾಲಿ, ಆಮೇಲೆ ಫೈಟ್ ಮಾಡೋಕೆ ಯಾರಿರ್ತಾರೆ? ನಾನಂತೂ ಒಂದ್ಸಲ ಹೊಡೆದು ಮುಂದೆ ಹೋಗ್ತೀನಿ, ಎದುರಿನವರು ಕೈ ಬೀಸೋ ಎಮೋಟ್ (ಗೇಮಲ್ಲಿ ಮಾಡೋ ಸನ್ನೆ) ಹಾಕಿದ್ರೆ ಅದೂ ಇಲ್ಲ. ನೀವೂ ಹಾಗೆ ಎಮೋಟ್ ಹಾಕಿ, ಅವನು ಬಿಟ್ಟು ತಿರುಗಿದ ಮೇಲೆ ಬೆನ್ನಿಗೆ ಹೊಡೀಬೇಡಿ ಮತ್ತೆ. ಪದೇ ಪದೇ ಬಂದ್ರೆ ಚಾಟಲ್ಲಿ ಬೈಯೋಕೆ ಹೋಗ್ಬೇಡಿ, ರಿಪೋರ್ಟ್ ಆಗೋದು ನೀವೇ. ಸ್ವಲ್ಪ ಹೊತ್ತು ಬೇರೆ ಕಡೆ ಕ್ವೆಸ್ಟ್ ಮಾಡಿ, ಇಲ್ಲ ಗಿಲ್ಡಿಂದ (ಗೇಮಲ್ಲಿ ನೀವಿರೋ ಗುಂಪಿಂದ) ಇಬ್ರನ್ನ ಕರೀರಿ.