ವಾರಕ್ಕೆ ಎಷ್ಟು ಗಂಟೆ ಕೆಲಸ ಅಂತ ಮಾಲೀಕರೇ ಡಿಸೈಡ್ ಮಾಡ್ಬಹುದಾ?

ಪ್ರಶ್ನೆ: ನಂದು 18 ಜನ ಕೆಲಸ ಮಾಡೋ ಪ್ಯಾಕಿಂಗ್ ಯೂನಿಟ್. ಬಂಡವಾಳ ನಂದು, ರಿಸ್ಕೂ ನಂದೇ. ಆರ್ಡರ್ ಜಾಸ್ತಿ ಇದ್ದಾಗ ವಾರಕ್ಕೆ 60 ಗಂಟೆ, ಇಲ್ದಿದ್ದಾಗ ನಾಲ್ಕೇ ದಿನ ಅಂತ ನಾನೇ ಫಿಕ್ಸ್ ಮಾಡಿದ್ರೆ ತಪ್ಪೇನು? ಹುಡುಗರೂ ಒಪ್ಪಿದಾರೆ.

ಉತ್ತರ: ಬಂದ ಆರ್ಡರ್‌ನ ಬೇಡ ಅನ್ನೋಕಾಗಲ್ಲ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಗಂಟೆ ಕಮ್ಮಿ ಮಾಡೋದಾದ್ರೆ ಧಾರಾಳವಾಗಿ ಮಾಡಿ, ಸಂಬಳಕ್ಕೆ ಮಾತ್ರ ಕೈ ಹಾಕ್ಬೇಡಿ. 2022ರಲ್ಲಿ ಬ್ರಿಟನ್‌ನ 61 ಕಂಪನಿಗಳು ಪೂರ್ತಿ ಸಂಬಳ ಕೊಟ್ಟೇ ಕೆಲಸದ ವಾರನ ಚಿಕ್ಕದು ಮಾಡಿ ಆರು ತಿಂಗಳು ನೋಡಿದ್ವು, ಆಮೇಲೂ 56 ಕಂಪನಿ ಹಾಗೇ ಮುಂದುವರಿಸಿದ್ವು.

ಆದ್ರೆ ಮೇಲಿನ ಮಿತಿ ನಿಮ್ಮ ಕೈಲಿ ಇರ್ಬಾರ್ದು, ಇದನ್ನ ಖಡಾಖಂಡಿತವಾಗಿ ಹೇಳ್ತೀನಿ. ನೀವು 60 ಮಾಡ್ಸಿ ರೇಟ್ ಇಳಿಸ್ತೀರಿ, ಅದನ್ನ ನೋಡಿ ಪಕ್ಕದೋರು 66 ಮಾಡ್ಸ್ತಾರೆ, ಕೊನೆಗೆ 48ಕ್ಕೇ ನಿಲ್ಸಿ ನ್ಯಾಯವಾಗಿ ನಡೆಸ್ತಿದ್ದೋರ ಆರ್ಡರ್ ಕೈ ತಪ್ಪುತ್ತೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ಮಾಡಿದ ಮೊಟ್ಟಮೊದಲ ಒಪ್ಪಂದನೇ ಕಾರ್ಖಾನೆಗಳಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆ ಅನ್ನೋದು. ಎಲ್ಲರಿಗೂ ಒಂದೇ ಗೆರೆ ಇದ್ರೆ ಒಳ್ಳೆ ಮಾಲೀಕರೂ ಬದುಕ್ತಾರೆ.

ಹುಡುಗರು ಒಪ್ಪಿದಾರೆ ಅಂದ್ರಿ. ಕೆಲಸ ಹೋದ್ರೆ ಮನೆ ಬಾಡಿಗೆ ಹೆಂಗೆ ಕಟ್ಲಿ ಅಂತ ಯೋಚ್ನೆ ಮಾಡೋನು ನಿಮ್ಮೆದುರು ನಿಂತು ಆಗಲ್ಲ ಅಂತಾನಾ? ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಕೊಟ್ಟ ಲೆಕ್ಕ ನೋಡಿ, ವಾರಕ್ಕೆ 35-40 ಗಂಟೆ ದುಡಿಯೋರಿಗಿಂತ 55 ಗಂಟೆ ಇಲ್ಲಾ ಅದಕ್ಕೂ ಮೀರಿ ದುಡಿಯೋರಿಗೆ ಪಾರ್ಶ್ವವಾಯು ಹೊಡೆಯೋ ಅಪಾಯ 35% ಜಾಸ್ತಿ. ಇನ್ನು ಮಾಲಿನ ವಿಷಯಕ್ಕೆ ಬಂದ್ರೆ, ಹತ್ತನೇ ಗಂಟೆ ಆದ್ಮೇಲೆ ಪ್ಯಾಕ್ ಆದ ಡಬ್ಬಗಳನ್ನ ಒಂದು ವಾರ ಬೇರೆ ಇಟ್ಟು ನೀವೇ ಬಿಚ್ಚಿ ನೋಡಿ, ಸೊಟ್ಟ ಅಂಟಿದ ಲೇಬಲ್, ತಪ್ಪಿದ ಎಣಿಕೆ, ಸರಿಯಾಗಿ ಕೂರದ ಟೇಪ್, ವಾಪಸ್ ಬರೋ ಮಾಲೆಲ್ಲ ಯಾವ ಹೊತ್ತಿಂದು ಅಂತ ಗೊತ್ತಾಗುತ್ತೆ.

ಸೀಸನ್ ಸಮಸ್ಯೆಗೆ ದಾರಿ ಇಲ್ಲ ಅಂತಲ್ಲ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಓವರ್‌ಟೈಮೂ ಸೇರಿ ವಾರಕ್ಕೆ 48 ಗಂಟೆ, ಆದ್ರೆ ಅದು ಸಾಮಾನ್ಯವಾಗಿ ನಾಲ್ಕು ತಿಂಗಳ ಸರಾಸರಿ, ಜೊತೆಗೆ ದಿನಕ್ಕೆ 11 ಗಂಟೆ ಸತತ ವಿಶ್ರಾಂತಿ ಕೊಡ್ಲೇಬೇಕು. ನಿಮ್ಮಲ್ಲಿನ ಕಾನೂನು ಈ ಥರ ಸರಾಸರಿ ಲೆಕ್ಕಕ್ಕೆ ಒಪ್ಪುತ್ತಾ ಅಂತ ಮೊದ್ಲು ವಿಚಾರಿಸಿ. ಒಪ್ಪಿದ್ರೆ ಬಿಸಿ ವಾರಗಳ ಪಟ್ಟಿನ ಎರಡು ವಾರ ಮುಂಚೆನೇ ಗೋಡೆಗೆ ಅಂಟಿಸಿ, ಓವರ್‌ಟೈಮ್ ದುಡ್ಡನ್ನ ಆ ತಿಂಗಳ ಸಂಬಳದ ಜೊತೆಗೇ ಕೊಟ್ಬಿಡಿ.